ಬಾಲದ ಬಿಳಿ ಅಂಚು

ಗಿರಿಜಕ್ಕ, ನೀವು ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾಗ ನಿಮ್ಮ ಮೀನು, ನೀಲಿ, ಸತ್ತುಹೋಯಿತು. ಕೊಂದವಳು ನಾನು. ತಿರುಗಿ ಬಂದ ಮೇಲೆ ಗಾಜಿನ ತೊಟ್ಟಿಯಲ್ಲಿ ನೀವು ನೋಡಿದ್ದು ಬೇರೆ ಮೀನು — ಜಾತಿಯೇ ಬೇರೆ.

ಹಡಗಲಿಯ ನಿಮ್ಮ ಹೊಲಿಗೆ ಅಂಗಡಿಯ ಕೀಲಿ ನನ್ನ ಕೈಗಿಡುವಾಗ ನೀವು ಹೇಳಿದ್ದು ಒಂದೇ ಮಾತು. "ನಳದ ನೀರು ಸೀದಾ ಹಾಕಬ್ಯಾಡ ಸುಮಾ. ಕೊಡದಾಗ ಒಂದಿನ ಇಟ್ಟು ಹಾಕು." ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದವಳಿಗೆ ಕತ್ತರಿ ಹಿಡಿಯಲು ಕಲಿಸಿದವರು ನೀವು, ನಿಮ್ಮ ಆ ಒಂದು ಮಾತನ್ನು ನಡೆಸಲು ನನಗೆ ಮೈಗಳ್ಳತನ. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ನಳದ ನೀರನ್ನು ಹಾಗೇ ಸುರಿದೆ. ಮಧ್ಯಾಹ್ನಕ್ಕೆ ನಿಮ್ಮ ನೀಲಿ ಮಗ್ಗುಲಾಗಿ ತೇಲುತ್ತಿತ್ತು. ನಿಮಗೆ ತಿಳಿಸಲೆಂದು ಎಸ್‌ಟಿಡಿ ಬೂತಿನ ಬಾಗಿಲ ತನಕ ಹೋದವಳು — ಹೊಸಪೇಟೆ ಬಸ್ಸು ಹತ್ತಿದೆ.

ಅಲ್ಲಿ ಸಾಕು ಮೀನಿನ ಅಂಗಡಿಯಲ್ಲಿ ಅಂಥದೇ ಒಂದು ಕಂಡಿತು. ಅದೇ ಹಸಿರು ನೀಲಿ ಮೈ, ಅದೇ ಕರಿ ಮಚ್ಚೆ. ಅಂಗಡಿಯವನು ನನಗೆ ಮೋಸ ಮಾಡಲಿಲ್ಲ, ಪಾಪ. "ನಿಮ್ದು ಬ್ಲೂ ಅಕಾರಾ ಇರಬೇಕ್ರಿ. ಇದು ಗ್ರೀನ್ ಟೆರರ್. ಎರಡೂ ಸಿಕ್ಲಿಡ್ ಕುಲಾನ, ಸಣ್ಣವಿದ್ದಾಗ ಒಂದ ಥರಾ ಕಾಣ್ತಾವ. ಬಾಲ ನೋಡ್ರಿ, ಇದಕ್ಕ ಬಿಳಿ ಅಂಚೈತಿ. ಅದು ಸಾಧು, ಇದು ಕಚ್ತೈತಿ." ತಿಳಿದೇ ತಂದೆ.

ನೀವು ಬಂದವರೇ ಕತ್ತರಿಯ ಹಿಡಿಯಿಂದ ಗಾಜು ತಟ್ಟಿದಿರಿ. ಮೊದಲೆಲ್ಲ ಆ ಸದ್ದಿಗೆ ನೀಲಿ ಮೇಲೆ ಬಂದು ನಿಮ್ಮ ಬೆರಳ ತುದಿಯಿಂದ ಕಾಳು ತಿನ್ನುತ್ತಿತ್ತು. ಇದು ಮೂಲೆಗೆ ಸರಿಯಿತು. ಬೆರಳು ಅದ್ದಿದರೆ ಕಚ್ಚಿತು. "ನಾ ಬಿಟ್ಟು ಹೋದ್ನಲ್ಲ, ಸಿಟ್ಟು ಮಾಡ್ಯಾನ," ಎಂದು ನಕ್ಕಿರಿ. ಸೀರೆಗೆ ದಾರ ಹೊಂದಿಸುವ ಕಣ್ಣು ನಿಮ್ಮದು — ಅದು ತಪ್ಪುತ್ತದೆಯೇ? "ಬಾಲಕ್ಕ ಈ ಬಿಳಿ ಅಂಚು ಮೊದ್ಲ ಇರ್ಲಿಲ್ಲಲ್ಲ?" ಎಂದಿರಿ. ವಯಸ್ಸಾದಂಗ ಬರ್ತೈತಂತ್ರಿ ಅಕ್ಕ, ಎಂದೆ ನಾನು.

"ಇಲ್ಲ ತಗಿ. ನನ್ನ ಚಿಂತ್ಯಾಗ ಬೆಳ್ಳಗಾಗೈತಿ."

ಅಷ್ಟಕ್ಕೇ ಮುಗಿದಿದ್ದರೆ ಇಷ್ಟು ವರ್ಷ ನನಗೆ ಚುಚ್ಚುತ್ತಿರಲಿಲ್ಲವೇನೋ. ಆ ವರ್ಷ ನಾಗರ ಪಂಚಮಿಗೆ ತವರಿಗೆ ಕರೆಯಲು ಹರಪನಹಳ್ಳಿಯಿಂದ ನಿಮ್ಮ ಅಣ್ಣ ಬಂದರು. ನೀವು ಸೀರೆ ಮಡಚಿ ಚೀಲಕ್ಕೆ ಹಾಕಿ, ಮತ್ತೆ ತೆಗೆದಿಟ್ಟಿರಿ. ಒಮ್ಮೆ ಹೋಗಿದ್ದಕ್ಕೇ ಹೀಗಾಗಿದೆ, ಇನ್ನೊಮ್ಮೆ ಬಿಟ್ಟು ಹೋದರೆ ಮೀನು ಹತ್ತಿರವೇ ಬರುವುದಿಲ್ಲ ಎಂದು ಹೆದರಿದಿರಿ. ಅವರ ಮುಖ ಕೆಂಪಾಯಿತು. "ಮೀನಿಗಿಂತ ತವರು ಕಡಿಮೆ ಆತಾ ನಿಂಗೆ? ಇರು ಹಂಗಾರೆ. ಇನ್ನು ಕರಿಯಾಕೆ ಬರಲ್ಲ."

ನಾನು ಅಲ್ಲೇ ಕೂತಿದ್ದೆ, ಕೈಯಲ್ಲಿ ಸೂಜಿ. ಅದು ನಿಮ್ಮ ಮೀನಲ್ಲ — ಇಷ್ಟು ಅಂದಿದ್ದರೆ ಸಾಕಿತ್ತು. ನೀವು ಬೈದು ಹೊರಗೆ ಹಾಕುತ್ತಿದ್ದಿರಿ, ಆಮೇಲೆ ಅಣ್ಣನ ಜೊತೆ ಬಸ್ಸು ಹತ್ತುತ್ತಿದ್ದಿರಿ. ನಾನು ತಲೆ ತಗ್ಗಿಸಿ ಹುಕ್ಕು ಹಚ್ಚಿದೆ. ಅವರು ಅಂದಂತೆಯೇ ನಡೆದುಕೊಂಡರು. ಮತ್ತೆ ಯಾವ ಪಂಚಮಿಗೂ ಬರಲಿಲ್ಲ. ಆ ಮೀನು ಸತ್ತ ದಿನ ನೀವು, "ಕೊನಿಗೂ ಸಿಟ್ಟು ಬಿಡ್ಲಿಲ್ಲ ನೋಡು," ಎಂದು ಅತ್ತಿರಿ. ನಾನು ನಿಮ್ಮ ಬೆನ್ನು ಸವರಿದೆ. ಎಂಥ ಹೆಂಗಸು ನಾನು!

ಈ ಸಲ ಪಂಚಮಿಗೆ ಮುಂಚೆ ಹರಪನಹಳ್ಳಿಗೆ ಹೋಗಿ ನಿಮ್ಮ ಅಣ್ಣನಿಗೂ ಇದನ್ನೇ ಹೇಳುತ್ತೇನೆ. ಅವರು ಬರುತ್ತಾರೋ ಇಲ್ಲವೋ — ಕೇಳುವ ಮುಖ ನನಗಿಲ್ಲ.

ಆದರೆ ನೀವು ಇದೊಂದು ತಿಳಿದಿರಬೇಕು. ನೀಲಿಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ ಅಕ್ಕ. ನೀವಿಲ್ಲದಾಗ ನಾನು ಕತ್ತರಿಯನ್ನು ಟೇಬಲ್ಲಿನ ಮೇಲೆ ಇಟ್ಟ ಸದ್ದಾದರೂ ಅದು ಮೇಲೆ ಬಂದು ಕಾಯುತ್ತಿತ್ತು. ನಾನು ನೀರು ಸುರಿದ ಆ ದಿನ ಬೆಳಿಗ್ಗೆಯೂ ಬಂದಿತ್ತು.