ಏಳನೇ ನಂಬರಿನ ಕಲ್ಲು

ಲಿಂಗಸುಗೂರಿನಲ್ಲಿ ನಾನು ಓದಿದ ಕಾಲೇಜಿನ ಭೂವಿಜ್ಞಾನ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ಕಲ್ಲುಗಳಿದ್ದವು. ಇಪ್ಪತ್ತಮೂರೂ ಇರಬಹುದು, ಸರಿಯಾಗಿ ನೆನಪಿರುವವಳಂತೆ ಬರೆಯಲು ಹೇಸಿಗೆಯಾಗುತ್ತದೆ. ಪ್ರತಿ ಕಲ್ಲಿನ ಮೇಲೆ ಒಂದು ಬಿಳಿ ಚುಕ್ಕಿ, ಚುಕ್ಕಿಯೊಳಗೆ ಶಾಯಿಯ ನಂಬರು. ಕೊನೆಯ ವರ್ಷದ ನಾವು ಒಂಬತ್ತು ಮಂದಿ ಓದಿದ್ದು ಆ ನಂಬರುಗಳನ್ನು. ಒಂದನೆಯದು ಬೆಣಚುಕಲ್ಲು, ನಾಲ್ಕನೆಯದು ಅಭ್ರಕ, ಏಳನೆಯದು ಹೆಮಟೈಟ್, ಹನ್ನೊಂದನೆಯದು ಮ್ಯಾಗ್ನಟೈಟ್; ಕೊನೆಯವೆರಡೂ ಕಬ್ಬಿಣದ ಅದಿರು. ಈ ಪಟ್ಟಿ ಹಿಂದಿನ ವರ್ಷದವರ ವಾಟ್ಸಾಪ್‌ನಿಂದ ನಮಗೆ ಬಂದಿತ್ತು. ಕಲ್ಲುಗಳ ಫೋಟೊ ತೆಗೆದಿಡಬೇಕೆಂದು ಯಾವ ಜಾಣನಿಗೂ ಹೊಳೆದಿರಲಿಲ್ಲ. ಮಸ್ಕಿಯಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬಂಡೆಗುಡ್ಡಗಳು. ನಾನು ತಲೆ ಬಗ್ಗಿಸಿ ಮೊಬೈಲಿನಲ್ಲಿ ಭೂಮಿಯನ್ನು ಬಾಯಿಪಾಠ ಮಾಡುತ್ತಿದ್ದೆ.

ನಮಗೆ ಪಾಠ ಹೇಳುತ್ತಿದ್ದವರು ಸಿಂಧನೂರಿನಿಂದ ಬೈಕಿನಲ್ಲಿ ಬರುತ್ತಿದ್ದ ಅತಿಥಿ ಉಪನ್ಯಾಸಕರು. ಮುಕ್ಕುಂದದ ಕಡೆ ಅವರಿಗೆ ಗದ್ದೆಯಿತ್ತು. ಕಾಲುವೆಗೆ ಯಾವಾಗ ನೀರು ಬಿಡುತ್ತಾರೆಂಬುದರ ಬಗ್ಗೆ ಅವರಿಗಿದ್ದ ತಿಳಿವಳಿಕೆಯ ಕಾಲುಭಾಗ ಖನಿಜಗಳ ಬಗ್ಗೆ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಆಯುಧಪೂಜೆಗೆ ಪ್ರಯೋಗಾಲಯದ ಜವಾನ, ಸಂತೆಕಲ್ಲೂರಿನ ಶಿವಭಕ್ತ, ಅಷ್ಟೂ ಕಲ್ಲುಗಳನ್ನು ಬಕೆಟ್ಟಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿ, ಒಂದೊಂದಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಸಾಲಾಗಿ ಕೂರಿಸಿ ಕಾಯಿ ಒಡೆದಿದ್ದ. ಕಲ್ಲುಪ್ಪಿನ ಮಾದರಿ ಕರಗಿ ಗೋಲಿಯಷ್ಟಾಗಿತ್ತು. ಬಿಳಿ ಚುಕ್ಕಿಗಳು ಮೋರಿಗೆ ಹೋಗಿದ್ದವು.

ರಜೆ ಮುಗಿಸಿ ಬಂದ ಉಪನ್ಯಾಸಕರು ಬಾಗಿಲಲ್ಲೇ ನಿಂತರು.

“ಏನ್ ಮಾಡಿಟ್ಟಿಯೋ ಮಾರಾಯಾ! ನಂಬರ್ ಎಲ್ಲಿ?”

“ಸುಣ್ಣದ ಕಲಿ ಹತ್ತಿತ್ರಿ ಸರ,” ಎಂದ ಜವಾನ. “ತಿಕ್ಕಿ ತಗದೀನಿ. ನೋಡ್ರಿ, ಹೆಂಗ ಹೊಳಿಯಾಕತ್ಯಾವ.”

“ಈಗ ಯಾವ್ದು ಯಾವ್ದಂತ ಹೆಂಗ ಗೊತ್ತಾಗಬೇಕು?”

ಜವಾನನಿಗೆ ನಿಜವಾಗಿಯೂ ಅಚ್ಚರಿಯಾಯಿತು. “ಅದನ್ನ ಕಲಿಸೋರು ನೀವ ಅಲ್ಲೇನ್ರಿ?”

ನಾವು ಒಂಬತ್ತೂ ಜನ ನಕ್ಕೆವು, ನಮಗೆ ಗೊತ್ತಿದ್ದವರ ಹಾಗೆ.

ಮುಂದಿನ ತಿಂಗಳು ಪ್ರಾಯೋಗಿಕ ಪರೀಕ್ಷೆಯಿತ್ತು. ಉಪನ್ಯಾಸಕರು ಪುಸ್ತಕದ ಚಿತ್ರಗಳನ್ನೂ ಕಲ್ಲುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ಉಳಿದಿದ್ದನ್ನು ಊಹಿಸಿ, ಸಹಪಾಠಿಯೊಬ್ಬಳ ಬಿಳಿ ನೇಲ್ ಪಾಲಿಶ್‌ನಿಂದ ಹೊಸ ಚುಕ್ಕಿ ಇಟ್ಟು ನಂಬರು ಬರೆದರು. ಆ ಚುಕ್ಕಿಗಳಿಗೆ ನಾವೆಲ್ಲ ಕೈಮುಗಿಯುವುದೊಂದು ಬಾಕಿ.

ಪರೀಕ್ಷೆಗೆ ಎರಡು ದಿನ ಮೊದಲು ನನ್ನ ಬ್ಯಾಗನ್ನು ಕಲ್ಲುಗಳ ಪಕ್ಕ ಇಟ್ಟಾಗ ಅದರ ಅಯಸ್ಕಾಂತದ ಗುಂಡಿ ಏಳನೇ ಕಲ್ಲಿಗೆ ಕಚ್ಚಿಕೊಂಡಿತು. ಹೆಮಟೈಟ್ ಹಾಗೆ ಕಚ್ಚಿಕೊಳ್ಳುವುದಿಲ್ಲ. ಒರೆ ನೋಡುವ ಬಿಳಿ ಬಿಲ್ಲೆಯ ಮೇಲೆ ಉಜ್ಜಿದೆ; ಮ್ಯಾಗ್ನಟೈಟಿನ ಕಪ್ಪು ಗೆರೆ ಬಿತ್ತು. ಹನ್ನೊಂದನ್ನು ಉಜ್ಜಿದೆ, ಹೆಮಟೈಟಿನ ಗೆರೆ, ಒಣಗಿದ ರಕ್ತದಂಥ ಕೆಂಪು. ಎರಡೂ ಅದಲುಬದಲಾಗಿದ್ದವು. ಮೂರು ವರ್ಷಗಳಲ್ಲಿ ನಾನು ಕಲ್ಲೊಂದನ್ನು ಗುರುತಿಸಿದ್ದು ಅದೇ ಮೊದಲು. ಉಪನ್ಯಾಸಕರ ಬಳಿ ಓಡಿದೆ.

“ಸರ, ಏಳು ಮ್ಯಾಗ್ನಟೈಟ್ ಐತ್ರಿ. ಗೆರಿ ಕರ್ರಗ ಬಿದ್ದೈತಿ.”

“ಪರೀಕ್ಷಾ ಮಾಡಾಕ ಬರೋ ಸರಗ ಲಿಸ್ಟ್ ಕಳಿಸೀನವ್ವಾ. ಲಿಸ್ಟಿನಾಗ ಏಳು ಹೆಮಟೈಟ್.”

“ಕಲ್ಲಿನಾಗ ಅಲ್ರಿ.”

“ನಿನಗ ಮಾರ್ಕ್ಸ್ ಕಲ್ಲು ಕೊಡತೈತೇನು?”

ಎಂ.ಎಸ್ಸಿ. ಸೀಟಿಗೆ ನನಗೆ ಪ್ರಾಯೋಗಿಕದಲ್ಲಿ ಪೂರ್ತಿ ಅಂಕ ಬೇಕಿತ್ತು. ಥಿಯರಿಯಲ್ಲಿ ನನ್ನ ಸಾಧನೆ ಹೇಳಿಕೊಳ್ಳುವಂಥದ್ದಲ್ಲ. ಒಂದೇ ಒಂದು ಕಲ್ಲು ತಪ್ಪಿದರೂ ಸೀಟು ಹೋದಂತೆಯೇ.

ಪರೀಕ್ಷಕರು ನನಗೆ ಏಳನ್ನೇ ಎತ್ತಿಕೊಟ್ಟರು. ಇಷ್ಟು ಹದವಾಗಿ ನಡೆದದ್ದನ್ನು ಬೇರೆಯವರು ಹೇಳಿದರೆ ನಾನು ನಂಬುವುದಿಲ್ಲ. ಇಲ್ಲಿಂದ ಮುಂದೆ ನನ್ನ ನೆನಪನ್ನೂ ನಂಬಬೇಡಿ. ಗೆಳತಿಯರಿಗೆ ಈ ಪ್ರಸಂಗ ಹೇಳುವಾಗೆಲ್ಲ ನಾನು ನೆಟ್ಟಗೆ ನಿಂತು “ಇದು ಮ್ಯಾಗ್ನಟೈಟ್” ಎಂದಿದ್ದೇನೆ. ಪರೀಕ್ಷಕರ ಮುಖ ಒಂದೊಂದು ಸಲ ಒಂದೊಂದು ರೀತಿ ಕಪ್ಪಿಟ್ಟಿದೆ. ಆ ಧೈರ್ಯವಂತೆಯನ್ನು ಎಲ್ಲರೂ ಮೆಚ್ಚುತ್ತಾರೆ. ಅವಳು ಆ ಕೋಣೆಯಲ್ಲಿ ಇರಲೇ ಇಲ್ಲ. ನನಗೆ ಸೀಟು ಸಿಕ್ಕಿತು. ಹಾಗಾಗಿ ನಾನು ಏನು ಹೇಳಿರಬೇಕೆಂಬುದರಲ್ಲಿ ಸಂಶಯವಿಲ್ಲ.

“ಯಾವ ಖನಿಜ?”

“ಹೆಮಟೈಟ್ ಸರ್.”

“ಉಜ್ಜಿ ತೋರಿಸು.”

ಉಜ್ಜಿದೆ. ಬೆರಳುದ್ದದ ಕಪ್ಪು ಗೆರೆ ಬಿತ್ತು. ಅದರ ಮೇಲೆ ಹೆಬ್ಬೆರಳಿಟ್ಟೆ.

“ಗೆರೆಯ ಬಣ್ಣ?”

“ಕೆಂಪು ಸರ್. ಕಂದುಗೆಂಪು.”

ಅವರು ಕೈಯಲ್ಲಿದ್ದ ಪಟ್ಟಿ ನೋಡಿದರು. ಆಮೇಲೆ ನನ್ನ ಹೆಬ್ಬೆರಳನ್ನು ನೋಡಿದರು. ಗೆರೆಯ ತುದಿ ಉಗುರಿನಾಚೆ ಕರ್ರಗೆ ಕಾಣುತ್ತಿತ್ತು. ಬೆರಳು ತೆಗೆ ಎನ್ನಲಿಲ್ಲ. “ಕರೆಕ್ಟ್,” ಎಂದು ಗುರುತು ಹಾಕಿ, ಮುಂದಿನವಳನ್ನು ಕಳಿಸಲು ಹೇಳಿದರು.