ಕಪ್ಪು ಚುಕ್ಕೆಗೆ ಅಂಜದ ಅಡಿವೆವ್ವ

ಸವಣೂರಿನಲ್ಲಿ ಬಿಸಿಲೇರುತ್ತಿದೆ. ಗೌಹರಬಿಯವರ ಹಳೆಯ ಮನೆಯ ಹಿತ್ತಲಲ್ಲಿ ಬಾವಿಯ ಗಡಗಡಿ ಕಿರುಗುಟ್ಟುತ್ತದೆ. ಅಡಿವೆವ್ವ ಸೀರೆಯ ಕಚ್ಚೆ ಬಿಗಿದು, ಎರಡೂ ಕಾಲು ಊರಿ ಹಗ್ಗ ಜಗ್ಗುತ್ತಿದ್ದಾಳೆ. ತುಂಬಿದ ಕೊಡ ಸೊಂಟಕ್ಕೇರಿಸಿ ಅಂಗಳಕ್ಕೆ ಬರುತ್ತಾಳೆ. ಕಲ್ಲುತೊಟ್ಟಿಯ ಅಂಚಿಗೆ ಕೂತು ಸಣ್ಣಗೆ ಧಾರೆ ಬಿಡುತ್ತಾಳೆ. ತಳದಲ್ಲಿದ್ದ ಕೆಂಪು ಮೀನುಗಳು ಅವಳ ಬಳೆಯ ಸದ್ದಿಗೆ ಮೇಲೆದ್ದು ಬರುತ್ತವೆ.

“ಧಡಕ್ಕನ ಸುರುವಿದ್ರ ಹೌಹಾರ್ತಾವ್ರಿ,” ಎಂದು ಅವಳನ್ನು ಕಾಣಲು ಬಂದ ನನ್ನತ್ತ ತಿರುಗಿ ಹೇಳುತ್ತಾಳೆ. “ಬಾಯಿ ತಕ್ಕೊಂಡು ಹೆಂಗ ನಿಂತಾವ ನೋಡ್ರಿ. ನಿನ್ನೆ ಉಪಾಸ ಕೆಡವೇನಿ ಅಂತ ನಿಮ್ಮ ಮುಂದ ಚಾಡಿ ಹೇಳಾಕತ್ತಾವ.”

ಅಡಿವೆವ್ವ ತಡಸದಲ್ಲಿ ಹುಟ್ಟಿದವಳು. ಮದುವೆಯಾಗಿ ಸವಣೂರಿನ ಊರಹೊರಗಿನ ಕೇರಿಗೆ ಬಂದಳು. ಗಂಡ ಮೈಲಾರಪ್ಪ ವೀಳ್ಯದೆಲೆ ತೋಟದ ಆಳು. ನವಾಬರ ಸಂಸ್ಥಾನ ಹೋದ ಹೊಸತರಲ್ಲಿ ಅವಳು ಈ ಮನೆಯ ಕೆಲಸಕ್ಕೆ ಸೇರಿದಳು. ಗೌಹರಬಿಯವರ ಗಂಡ ಮುಂಬಯಿಯಿಂದ ಬರುವಾಗ ಗಾಜಿನ ಭರಣಿಯಲ್ಲಿ ಈ ಮೀನುಗಳನ್ನು ತಂದಿದ್ದರು. ಅವರು ತೀರಿಕೊಂಡ ಮೇಲೆ ಆ ಹೆಣ್ಣುಮಗಳಿಗೆ ಗಂಡನ ನೆನಪೆಂದರೆ ಈ ತೊಟ್ಟಿಯೇ. ದಿನವೂ ಹಳೆ ನೀರು ಮೊಗೆದು ಚೆಲ್ಲಿ, ಹೊಸ ನೀರು ತುಂಬುವುದು, ಪಾಚಿ ಉಜ್ಜುವುದು, ಬೆಕ್ಕು ಬರದಂತೆ ಕಾಯುವುದು ಅಡಿವೆವ್ವನ ಪಾಲಿಗೆ ಬಂತು.

ಬೇಸಿಗೆಯಲ್ಲಿ ಓಣಿಯವರೂ ಈ ಬಾವಿಗೇ ಬರುತ್ತಾರೆ. ಮೊದಲೆಲ್ಲ ಅವರು ಬರುವ ಹೊತ್ತಿಗೆ ಅಡಿವೆವ್ವ ನೀರು ಸೇದಿ ಮುಗಿಸಿರುತ್ತಿದ್ದಳು. ಕೇರಿಯ ಹೆಂಗಸು ಬಾವಿ ಮುಟ್ಟುವುದು ಅವರಿಗೆ ಗೊತ್ತಿತ್ತು. ಕಣ್ಣಿಗೆ ಬೀಳದಿದ್ದರೆ ಸಾಕು ಎಂದು ಸುಮ್ಮನಿದ್ದರು.

ಅರವತ್ತಮೂರರ ಬೇಸಿಗೆಯಲ್ಲಿ ಕಾಲರಾ ಸುದ್ದಿ ಹಬ್ಬಿತು. ಊರಿನ ಬಾವಿಗಳಿಗೆಲ್ಲ ಬ್ಲೀಚಿಂಗ್ ಪುಡಿ ಬಿತ್ತು. ಅದಾಗಿ ಕೆಲವೇ ದಿನಗಳಲ್ಲಿ ಮೀನುಗಳ ಮೈಮೇಲೆ ಮಸಿ ಸಿಡಿದಂತೆ ಕಪ್ಪು ಚುಕ್ಕೆ ಕಾಣಿಸಿದವು. ರೆಕ್ಕೆಯ ಅಂಚು, ಬಾಲ, ಬೆನ್ನು, ಎಲ್ಲ ಕಡೆ. ಎರಡು ಮೀನು ಸತ್ತು ತೇಲಿದವು. ಗೌಹರಬಿ ಊಟ ಬಿಟ್ಟು ತೊಟ್ಟಿಯ ಪಕ್ಕದಲ್ಲೇ ಕೂತರು.

ಸುದ್ದಿ ಓಣಿ ತುಂಬಿತು. ಎಲೆ ವ್ಯಾಪಾರಿ ಗುದ್ಲೆಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದ.

“ಬೀಬಿಯವರ, ಇಕಿ ಕೈ ಬಿದ್ದ ನೀರಿಗೆ ಮೀನ ಕಪ್ಪಾದ್ವು. ನಾಳೆ ನಮ್ಮ ಹುಡುಗ್ರ ಗತಿ ಏನ್ರಿ? ಇಕಿ ಬಾವಿ ಮುಟ್ಟಕೂಡ್ದು.”

ಅಡಿವೆವ್ವ ಕೊಡ ಕೆಳಗಿಟ್ಟಳು. “ಇಷ್ಟು ವರ್ಷ ಮುಟ್ಟೇನಲ್ರಿ, ಆವಾಗ ಯಾಕ ಕಪ್ಪಾಗ್ಲಿಲ್ಲ? ಇದಽ ನೀರು ನಾನೂ ಕುಡಿದೇನಿ. ನಾ ಕಪ್ಪದೇನಿ ಖರೆ, ಆದ್ರ ಹುಟ್ಟಿನಿಂದ ಕಪ್ಪದೇನ್ರಿ!”

ಯಾರೋ ನಕ್ಕರು. ಗುದ್ಲೆಪ್ಪ ನಗಲಿಲ್ಲ. ಒಂಟಿ ಹೆಂಗಸು ಗೌಹರಬಿ ಓಣಿಯನ್ನು ಎದುರು ಹಾಕಿಕೊಳ್ಳಲು ಹೆದರಿದರು. “ಸ್ವಲ್ಪ ದಿನ ಮನ್ಯಾಗ ಇರು, ಅಡಿವೆವ್ವಾ,” ಎಂದರು.

ಮನೆಯಲ್ಲಿ ಇರುವುದು ಅವಳಿಂದಾಗಲಿಲ್ಲ. ಬಾವಿ ಬೇಡವೆಂದರೆ ಕೆರೆ ಇದೆ ಎಂದು ಮರುದಿನದಿಂದ ಮೋತಿ ತಲಾಬಿನಿಂದ ತೊಟ್ಟಿಗೆ ನೀರು ಹೊತ್ತು ತಂದಳು. ಬಿಸಿಲು, ದೂರದ ಹಾದಿ, ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. “ಕುತ್ತಿಗಿ ಹಿಡಕೊಂಡು ರಾತ್ರಿಯೆಲ್ಲ ಅಳ್ತಿದ್ದೆ. ಹಗಲಿಗೆ ಒಬ್ಬರ ಮುಂದೂ ಅಳ್ಲಿಲ್ಲ,” ಎಂದು ಈಗ ನೆನೆಯುತ್ತಾಳೆ.

ವಾರಗಳು ಕಳೆದಂತೆ ಚುಕ್ಕೆಗಳು ಮಾಸತೊಡಗಿದವು. ಬೆನ್ನಿನ ಕೆಂಪು ಮತ್ತೆ ಹೊಳೆಯಿತು. ಅಡಿವೆವ್ವ ಹಿಗ್ಗಿದಳು. ಆದರೆ ಗುದ್ಲೆಪ್ಪ ಓಣಿಯ ಮುಂದೆ ಹೇಳಿದ್ದೇ ಬೇರೆ: “ನೋಡಿದ್ರಿಲ್ಲೋ? ಅಕಿ ಬಾವಿ ಬಿಟ್ಟಳು, ಮೀನ ಆರಾಮಾದ್ವು.”

ಆ ಮಾತು ಅವಳಿಗೆ ಚುಕ್ಕೆಗಿಂತ ಹೆಚ್ಚು ನಾಟಿತು. ತಾನು ಹೊತ್ತ ನೀರೇ ತನ್ನ ಮೇಲೆ ಸಾಕ್ಷಿ ನುಡಿದಂತಾಯಿತು. ಮರುದಿನ ಅವಳು ನಸುಕಿನಲ್ಲಿ ಬರಲಿಲ್ಲ. ಬಿಸಿಲೇರಿ, ಓಣಿಯ ಹೆಂಗಸರೆಲ್ಲ ಬಾವಿಕಟ್ಟೆಯ ಮೇಲೆ ನೆರೆದಾಗ ಬಂದು ನೇರವಾಗಿ ಹಗ್ಗಕ್ಕೆ ಕೈ ಹಾಕಿದಳು. ಗುದ್ಲೆಪ್ಪ ಕೂಗಾಡುತ್ತ ಓಡಿಬಂದ. ಆಗ, ಅವಳು ಕೆರೆನೀರು ಹೊತ್ತದ್ದನ್ನು ವಾರಗಟ್ಟಲೆ ನೋಡಿದ್ದ ಗೌಹರಬಿಯವರ ದನಿ ಬಾಗಿಲಲ್ಲಿ ಕೇಳಿಸಿತು.

“ಸೇದು, ಅಡಿವೆವ್ವಾ. ಬಾವಿ ನಂದೈತಿ. ನೀರು ಬ್ಯಾಡಾದವ್ರು ಹೋಗ್ರಿ.”

ಎಲ್ಲರ ಕಣ್ಣೆದುರೇ ಅವಳು ಸೇದಿದಳು, ಕುಡಿದಳು, ತೊಟ್ಟಿ ತುಂಬಿಸಿದಳು. ಮರುದಿನವೂ ಅದೇ ಹೊತ್ತಿಗೆ ಬಂದಳು. ಓಣಿ ಕಾದು ನೋಡಿತು. ಮೀನುಗಳಿಗೆ ಏನೂ ಆಗಲಿಲ್ಲ. ಗುದ್ಲೆಪ್ಪನ ಮನೆಯವರು ಬಹಳ ದಿನ ಬರಲಿಲ್ಲ. ಕೊನೆಗೊಂದು ದಿನ ಅವನ ಹೆಂಡತಿ ಸಾವಂತ್ರವ್ವ ಖಾಲಿ ಕೊಡ ಹಿಡಿದು ಬಂದು ಅಡಿವೆವ್ವನ ಹಿಂದೆ ಸಾಲಿನಲ್ಲಿ ನಿಂತಳು.

ಮೀನು ಸಾಕಿ ಬಲ್ಲವರೊಬ್ಬರನ್ನು ಧಾರವಾಡದಲ್ಲಿ ವಿಚಾರಿಸಿದೆ. ಪುಡಿಯ ನೀರು ಮೈ ಸುಟ್ಟಿರಬೇಕು, ಸುಟ್ಟದ್ದು ಮಾಯುವಾಗ ಕೆಂಪು ಮೀನು ಹಾಗೆ ಕಪ್ಪಾಗುವುದುಂಟು, ಕೆಲವು ವಾರಗಳಲ್ಲಿ ಬಾವಿಯ ಪುಡಿಯ ಕಸುವೂ ಇಳಿದಿರುತ್ತದೆ ಎಂದರು ಅವರು. ಅದನ್ನು ಹೇಳಿದರೆ ಅಡಿವೆವ್ವ ಹೆಗಲು ಕುಣಿಸುತ್ತಾಳೆ: “ಅದೆಲ್ಲ ನನಗೇನು ಗೊತ್ರಿ? ತಪ್ಪು ನನ್ನ ಕೈದಲ್ಲ ಅನ್ನೂದಷ್ಟ ಗೊತ್ತಿತ್ತು.”

ಈಗ ಕೇರಿಯ ಇನ್ನೆರಡು ಮನೆಯ ಹೆಂಗಸರೂ ಈ ಬಾವಿಗೆ ಬರುತ್ತಾರೆ, ಇನ್ನೂ ಅಂಜುತ್ತಲೇ, ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಿ. ಆ ಅಪ್ಪಣೆ ಕೇಳುವುದೊಂದು ಅಡಿವೆವ್ವನಿಗೆ ಸೇರುವುದಿಲ್ಲ. ನಿನಗೇನು ಆಸೆ ಎಂದು ಕೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡಳು.

“ನನ್ನ ಮೊಮ್ಮಗಳು ಅನ್ನವ್ವ ಇನ್ನ ತೊಟ್ಟಿಲದಾಗ ಅದಾಳ್ರಿ. ಅಕಿ ದೊಡ್ಡಾಕಿ ಆದ ಮ್ಯಾಲೆ ನೀರಿಗೆ ಬಂದಾಗ ಯಾರನ್ನೂ ಕೇಳಬಾರ್ದು. ಸೇದಬೇಕು, ಹೊತಗೊಂಡು ಹೋಗಬೇಕು.”