ಅಂಚು ಕತ್ತರಿಸಿದ ಔಷಧ ಚೀಟಿ

ಕಳೆದ ವರ್ಷ ಜೂನ್ ಮೊದಲ ಸೋಮವಾರ ಬೆಳಿಗ್ಗೆ ಏಳೂವರೆಗೆ ತೆಲಸಂಗದಿಂದ ತಂಗಿ ಫೋನ್ ಮಾಡಿದಳು. ಒಂದೂವರೆ ವರ್ಷದ ಮಗಳಿಗೆ ಭೇದಿ, ಜೊತೆಗೆ ಜ್ವರ.

“ಅದ ಚೀಟಿ ತೋರ್ಸಿ ಔಷಧ ತರಸು” ಎಂದೆ.

ಆ ಚೀಟಿ ನನ್ನ ಮಗನದು. ಅವನಿಗೆ ಹಿಂದೊಮ್ಮೆ ಭೇದಿಯಾದಾಗ ಅಥಣಿಯ ವೈದ್ಯರೊಬ್ಬರು ಬರೆದುಕೊಟ್ಟದ್ದು. ನಾನು ವರದಿಗಾರ, ಕೈಗೆ ಬಂದ ಕಾಗದವನ್ನೆಲ್ಲ ಫೋಟೊ ತೆಗೆದಿಡುತ್ತೇನೆ. ತಂಗಿಗೆ ಅದನ್ನು ಮೊದಲ ಸಲ ಕಳಿಸುವಾಗ ಮೇಲಿದ್ದ ಮಗನ ಹೆಸರು, ದಿನಾಂಕ ಕತ್ತರಿಸಿದೆ. ಕೆಳಗಿನ ಎರಡು ಸಾಲನ್ನೂ ಕತ್ತರಿಸಿದೆ. ಅಲ್ಲಿ ಓಆರ್‌ಎಸ್ ಪುಡಿ ಮತ್ತು ಜಿಂಕ್ ಎಂದಿತ್ತು. ಉಳಿದದ್ದು ಆಂಟಿಬಯೋಟಿಕ್ ಒಂದೇ. ಸುದ್ದಿಯಲ್ಲಿ ಮುಖ್ಯವಾದದ್ದನ್ನಷ್ಟೇ ಉಳಿಸುವ ಕೈ ಇದು.

ಮೆಡಿಕಲ್ ಅಂಗಡಿಯವನು ಚೀಟಿ ಯಾರದೆಂದು ಕೇಳಲಿಲ್ಲ. ಹಿಂದೆ ಎರಡು ಸಲ ಇದೇ ಔಷಧ ಕೊಟ್ಟಾಗ ಮಗುವಿನ ಭೇದಿ ಮೂರನೇ ದಿನ ನಿಂತಿತ್ತು. ಭೇದಿ ನಿಂತ ದಿನವೇ ತಂಗಿ ಔಷಧವನ್ನೂ ನಿಲ್ಲಿಸಿದ್ದಳು. ಎಷ್ಟು ದಿನ ಕೊಡಬೇಕೆಂದು ನಾನು ಹೇಳಿರಲಿಲ್ಲ.

ಈ ಸಲ ನಿಲ್ಲಲಿಲ್ಲ. ಬುಧವಾರ ಮಲದಲ್ಲಿ ರಕ್ತ ಕಂಡಿತು. ಅಥಣಿಯ ಆಸ್ಪತ್ರೆಗೆ ತರುವಷ್ಟರಲ್ಲಿ ಮಗುವಿನ ಕಣ್ಣುಗಳು ಒಳಗೆ ಹೋಗಿದ್ದವು. ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಸಲೈನ್ ಹಚ್ಚಿದರು, ಮಲವನ್ನು ಪರೀಕ್ಷೆಗೆ ಕಳಿಸಿದರು. ಶನಿವಾರ ವರದಿ ಬಂತು: ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ನಮ್ಮ ಚೀಟಿಯ ಔಷಧಕ್ಕೆ ಅದು ಬಗ್ಗುವುದಿಲ್ಲ ಎಂದೂ ಇತ್ತು.

“ಮೊದ್ಲ ಈ ಔಷಧ ಕೊಟ್ಟಿದ್ರೇನು?” ವೈದ್ಯರು ತಂಗಿಯನ್ನು ಕೇಳಿದರು.

“ಹೌದ್ರಿ. ಎರಡ ಸಲ.”

“ಯಾರು ಹೇಳಿದ್ರು?”

ನಾನು ಸಲೈನ್ ಬಾಟಲಿ ನೋಡುತ್ತ ನಿಂತಿದ್ದೆ.

“ಮೆಡಿಕಲ್‌ದಾಗ ಕೊಟ್ಟಾರ್ರಿ” ಎಂದಳು.

“ಅವು ಸಾದಾ ಭೇದಿ ಇದ್ದಿರ್ಬೇಕು ಅಕ್ಕಾರ. ನೀರು, ಓಆರ್‌ಎಸ್ ಕೊಟ್ಟಿದ್ರ ತಾವ ನಿಲ್ತಿದ್ವು. ಬ್ಯಾಡಾದಾಗ ಕೊಟ್ಟು, ಅರ್ಧಕ್ಕ ಬಿಟ್ಟು ಮಾಡಿದ್ರ, ಬೇಕಾದಾಗ ಔಷಧ ನಡ್ಯಾಂಗಿಲ್ಲ. ತಾಯಿ ಆಗಿ ಇಷ್ಟೂ ತಿಳ್ಯಾಂಗಿಲ್ಲೇನ್ರಿ?”

ಅವಳು ತಲೆ ತಗ್ಗಿಸಿದಳು.

ಹೊರಗೆ ಬಂದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: “ಪೇಪರ್‌ದಾಗ ಊರಿಗೆಲ್ಲ ಬುದ್ಧಿ ಹೇಳ್ತಿ ಅಣ್ಣಾ. ಅಲ್ಲಿ ಯಾಕ ಮಾತ ಬರ್ಲಿಲ್ಲ?”

ಬೇರೆ ಔಷಧ ಶುರು ಮಾಡಿದರು. ಮಂಗಳವಾರ ಮಗು ಗಂಜಿ ಕುಡಿಯಿತು. ಗುರುವಾರ ಮನೆಗೆ ಕಳಿಸಿದರು. ಅದೇ ತಿಂಗಳು ತಾಲ್ಲೂಕಿನ ಮಕ್ಕಳ ಭೇದಿ ಬಗ್ಗೆ ನಾನೊಂದು ವರದಿ ಬರೆದೆ. ಅದರಲ್ಲಿ ‘ತಾಯಂದಿರಲ್ಲಿ ತಿಳಿವಳಿಕೆಯ ಕೊರತೆ’ ಎಂಬ ಸಾಲಿದೆ. ಬರೆದವನು ನಾನೇ. ತಂಗಿ ಅದನ್ನು ಓದಿದ್ದಾಳೆ.

ಕಳೆದ ವಾರ ಉಗಾರ ಖುರ್ದದ ಸಂಬಂಧಿಯೊಬ್ಬರು ನನಗೆ ಒಂದು ಫೋಟೊ ಕಳಿಸಿ, ಮೊಮ್ಮಗನ ಭೇದಿಗೆ ಈ ಔಷಧ ಕೊಡಬಹುದೇ ಎಂದು ಕೇಳಿದರು. ಅದನ್ನು ಅವರಿಗೆ ಯಾರೋ ಕಳಿಸಿದ್ದಂತೆ. ಫೋಟೊದಲ್ಲಿ ಮೇಲಿನ ಹೆಸರು, ದಿನಾಂಕ ಇರಲಿಲ್ಲ. ಕೆಳಗಿನ ಎರಡು ಸಾಲೂ ಇರಲಿಲ್ಲ.